ಗಂಟಿನಲ್ಲಿರುವುದೆಲ್ಲ ಕ್ಯಾನ್ಸರ್ ಅಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಸ್ತನ ಕ್ಯಾನ್ಸರಿನ ಬಯಾಪ್ಸಿ ರಿಪೋರ್ಟ್ ಓದುವುದು ಹೇಗೆ ಅಂತ ಬರೆದಿದ್ದೆ. ಅದರಲ್ಲಿ ಸುಮ್ನೆ ಒಂದು ಸಾಲು ಸೇರಿಸಿದ್ದೆ: "ಕೈಗೆ ಸಿಗುವ ಗಂಟಿನಲ್ಲಿ ಇರುವುದೆಲ್ಲ ಕ್ಯಾನ್ಸರ್ ಕೋಶಗಳೇ ಅಲ್ಲ. ನಿಮ್ಮದೇ ಮೈಯ ನಾರು, ರಕ್ತನಾಳ, ಬಿಳಿ ರಕ್ತಕಣ ಎಲ್ಲ ಅಲ್ಲಿ ಸೇರಿಕೊಂಡಿರುತ್ತವೆ, ಅವೂ ಸುಮ್ಮನೆ ಕೂತಿರುವುದಿಲ್ಲ." ಇಡೀ ಲೇಖನಕ್ಕೆ ಬರದಷ್ಟು ಪ್ರಶ್ನೆಗಳು ಆ ಒಂದು ಸಾಲಿಗೆ ಬಂದಿವೆ. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ.

ಪ್ರಶ್ನೆ: ನನ್ನ ಅಕ್ಕನ ರಿಪೋರ್ಟಿನಲ್ಲಿ 'ಡೆಸ್ಮೋಪ್ಲಾಸ್ಟಿಕ್ ಸ್ಟ್ರೋಮಾ' ಅಂತ ಬರೆದಿದ್ದಾರೆ. ಇದು ಬೇರೆ ಥರದ ಕ್ಯಾನ್ಸರಾ? ಕ್ಯಾನ್ಸರ್ ಅಲ್ಲದ ಕೋಶಗಳಿಗೆ ಆ ಗಂಟಿನಲ್ಲಿ ಏನು ಕೆಲಸ?

ಉತ್ತರ: ಬೇರೆ ಕ್ಯಾನ್ಸರ್ ಅಲ್ಲ, ಅಕ್ಕನಿಗೆ ಮೊದಲು ಅದನ್ನು ಹೇಳಿ. ಸ್ಟ್ರೋಮಾ ಅಂದರೆ ಕ್ಯಾನ್ಸರ್ ಕೋಶಗಳ ಸುತ್ತಮುತ್ತ ಇರುವ ಅಂಗಾಂಶ. ಅದು ನಾರು ನಾರಾಗಿ ಗಟ್ಟಿಯಾಗಿದ್ದರೆ ಆ ಉದ್ದನೆಯ ಹೆಸರು. ತುಂಬಾ ರಿಪೋರ್ಟುಗಳಲ್ಲಿ ಇರುತ್ತದೆ.

ನಾನು ಪೆಥಾಲಜಿಸ್ಟ್, ದಿನಾ ಇದನ್ನೇ ನೋಡುವವಳು. ಆಪರೇಷನ್ ಆದ ಮೇಲೆ ತೆಗೆದ ಭಾಗ ನಮ್ಮ ಟೇಬಲ್ಲಿಗೆ ಬರುತ್ತದೆ. ಹಳದಿ ಕೊಬ್ಬಿನಲ್ಲಿ ಚಾಕು ಸಲೀಸಾಗಿ ಇಳಿಯುತ್ತದೆ. ಗಂಟು ಸಿಕ್ಕ ಕೂಡಲೇ ಮರಳು ಸಿಕ್ಕ ಹಾಗೆ ಕರಕರ ಅನ್ನುತ್ತದೆ, ಎರಡು ಗ್ಲೌಸ್ ಹಾಕಿಕೊಂಡಿದ್ದರೂ ಬೆರಳಿಗೆ ಗೊತ್ತಾಗುತ್ತದೆ. ಆ ಗಟ್ಟಿತನ ಬಹುಮಟ್ಟಿಗೆ ಕ್ಯಾನ್ಸರ್ ಕೋಶದ್ದಲ್ಲ, ಕೋಶಗಳು ಮೆತ್ತಗೇ ಇರುತ್ತವೆ. ಅದು ಕೊಲ್ಯಾಜನ್ ಅನ್ನುವ ನಾರಿನದು. ಆಳವಾದ ಗಾಯ ಮಾಯ್ದ ಮೇಲೆ ಉಳಿಯುವ ಕಲೆ ಗಟ್ಟಿಯಾಗಿರುತ್ತದಲ್ಲ, ಅದರಲ್ಲಿ ಇರುವುದೂ ಇದೇ. ಸ್ಲೈಡ್ ಮಾಡಿ ಬಣ್ಣ ಹಾಕಿ ನೋಡಿದರೆ ಗುಲಾಬಿ ನಾರಿನ ಪಟ್ಟಿಗಳ ನಡುವೆ ನೇರಳೆ ಬಣ್ಣದ ಕ್ಯಾನ್ಸರ್ ಕೋಶಗಳು ಅಲ್ಲಲ್ಲಿ ಗುಂಪುಗುಂಪಾಗಿ ಕಾಣುತ್ತವೆ. ಕೆಲವು ಗಡ್ಡೆಗಳಲ್ಲಂತೂ ನಾರೇ ಜಾಸ್ತಿ, ಕ್ಯಾನ್ಸರ್ ಕೋಶಗಳನ್ನು ಹುಡುಕಬೇಕಾಗುತ್ತದೆ.

ಈ ನಾರನ್ನು ನೇಯುವುದು ಫೈಬ್ರೊಬ್ಲಾಸ್ಟ್ ಅನ್ನುವ ಕೋಶ. ಮೈಯಲ್ಲಿ ಎಲ್ಲಿ ಗಾಯ ಆದರೂ ರಿಪೇರಿಗೆ ಬರುವುದು ಇದೇ. ಗಾಯದ ಜಾಗದಿಂದ ರಾಸಾಯನಿಕ ಸಂಕೇತ ಹೊರಡುತ್ತದೆ, ಬಿಳಿ ರಕ್ತಕಣಗಳು ಬಂದು ಕಸ ತೆಗೆಯುತ್ತವೆ, ಹೊಸ ರಕ್ತನಾಳ ಬೆಳೆಯುತ್ತವೆ, ಫೈಬ್ರೊಬ್ಲಾಸ್ಟ್ ನಾರು ಹಾಕುತ್ತದೆ, ಆಮೇಲೆ 'ಸಾಕು' ಅನ್ನುವ ಸಂಕೇತ ಬಂದು ಎಲ್ಲ ತಣ್ಣಗಾಗುತ್ತದೆ. ಗಡ್ಡೆಯಲ್ಲಿ ಆ 'ಸಾಕು' ಬರುವುದೇ ಇಲ್ಲ. ಹೆರಾಲ್ಡ್ ಡ್ವೊರಾಕ್ ಎಂಬ ಪೆಥಾಲಜಿಸ್ಟ್ 1986ರಲ್ಲೇ ಗಡ್ಡೆಯನ್ನು 'ವಾಸಿಯಾಗದ ಗಾಯ' ಅಂತ ಕರೆದರು. ನನಗೆ ಇದಕ್ಕಿಂತ ಒಳ್ಳೆ ವಿವರಣೆ ಇವತ್ತಿಗೂ ಸಿಕ್ಕಿಲ್ಲ.

ಇನ್ನು ಅವು ಅಲ್ಲಿ ಏನು ಮಾಡುತ್ತವೆ? ಎರಡೂ ಕಡೆಯಿಂದ ಮಾತುಕತೆ ನಡೆಯುತ್ತದೆ. ಕ್ಯಾನ್ಸರ್ ಕೋಶ ಟಿಜಿಎಫ್-ಬೀಟಾ ಎಂಬ ಪ್ರೋಟೀನ್ ಬಿಟ್ಟು ಫೈಬ್ರೊಬ್ಲಾಸ್ಟನ್ನು ಕೆರಳಿಸುತ್ತದೆ. ಕೆರಳಿದ ಫೈಬ್ರೊಬ್ಲಾಸ್ಟ್ ತನ್ನ ಪಾಲಿನ ಸಂಕೇತ ಬಿಡುತ್ತದೆ, ಅದರಿಂದ ಕ್ಯಾನ್ಸರ್ ಕೋಶ ಬೇಗ ಬೆಳೆಯುತ್ತದೆ, ಹೊಸ ರಕ್ತನಾಳಗಳೂ ಬರುತ್ತವೆ. ಹೆಂಗಸರ ಸ್ತನದ ಗಡ್ಡೆಯಿಂದ ತೆಗೆದ ಫೈಬ್ರೊಬ್ಲಾಸ್ಟನ್ನು ಕ್ಯಾನ್ಸರ್ ಕೋಶದ ಜೊತೆ ಬೆರೆಸಿ ಇಲಿಗೆ ಚುಚ್ಚಿದರೆ ಗಡ್ಡೆ ಜೋರಾಗಿ ಬೆಳೆಯುತ್ತದೆ. ಅದೇ ಕ್ಯಾನ್ಸರ್ ಕೋಶಕ್ಕೆ ಮಾಮೂಲಿ ಜಾಗದ ಫೈಬ್ರೊಬ್ಲಾಸ್ಟ್ ಬೆರೆಸಿದರೆ ಅಷ್ಟು ಜೋರಿಲ್ಲ. ಇದನ್ನು 2005ರಲ್ಲಿ ತೋರಿಸಿದ್ದಾರೆ.

ಮ್ಯಾಕ್ರೋಫೇಜ್ ಅನ್ನುವ ಬಿಳಿ ರಕ್ತಕಣದ ಕಥೆ ಇನ್ನೂ ವಿಚಿತ್ರ. ಅದರ ಕೆಲಸ ಕಸ ನುಂಗುವುದು. ಗಡ್ಡೆಯೊಳಗೆ ಅದು ಕ್ಯಾನ್ಸರ್ ಕೋಶದ ಜೊತೆ ಕೊಡು-ಕೊಳ್ಳು ವ್ಯವಹಾರಕ್ಕೆ ಇಳಿಯುತ್ತದೆ. ಕ್ಯಾನ್ಸರ್ ಕೋಶ ಅದಕ್ಕೆ ಬೇಕಾದ ಒಂದು ಪ್ರೋಟೀನ್ ಕೊಡುತ್ತದೆ, ಅದು ತಿರುಗಿ ಕ್ಯಾನ್ಸರ್ ಕೋಶಕ್ಕೆ ಇಜಿಎಫ್ ಎಂಬ ಬೆಳವಣಿಗೆಯ ಸಂಕೇತ ಕೊಡುತ್ತದೆ. ಬದುಕಿರುವ ಇಲಿಯ ಗಡ್ಡೆಯನ್ನು ವಿಶೇಷ ಮೈಕ್ರೋಸ್ಕೋಪಿನಲ್ಲಿ ನೋಡಿದವರು ಇವೆರಡೂ ಒಂದರ ಹಿಂದೆ ಒಂದು ಕೊಲ್ಯಾಜನ್ ನಾರಿನ ಮೇಲೆ ರಕ್ತನಾಳದ ಕಡೆ ಸಾಗುವುದನ್ನು ನೋಡಿದ್ದಾರೆ. ನಾರು ಅವಕ್ಕೆ ಕಾಲುದಾರಿ.

ಪ್ರಶ್ನೆ: ನನಗೆ ಡಿಸಿಐಎಸ್ ಅಂತ ಹೇಳಿದ್ದಾರೆ. ಒಬ್ಬ ಡಾಕ್ಟರು ಕ್ಯಾನ್ಸರ್ ಅಂದರು, ಇನ್ನೊಬ್ಬರು 'ಇನ್ನೂ ಆಗಿಲ್ಲ' ಅಂದರು. ಯಾರನ್ನು ನಂಬಲಿ?

ಉತ್ತರ: ಇಬ್ಬರನ್ನೂ ನಂಬಿ. ಡಿಸಿಐಎಸ್ ಅಂದರೆ ಕ್ಯಾನ್ಸರಿನಂಥ ಕೋಶಗಳು ಸ್ತನದ ಹಾಲಿನ ನಾಳದೊಳಗೇ ಇರುವ ಸ್ಥಿತಿ. ಹಾಲಿನ ನಾಳವನ್ನು ಅಡ್ಡ ಕತ್ತರಿಸಿದರೆ ಮೂರು ಸುತ್ತು ಸಿಗುತ್ತವೆ. ಒಳಗಡೆ ಹಾಲಿಗೆ ಸಂಬಂಧಪಟ್ಟ ಕೋಶಗಳು. ಅದರ ಹೊರಗೆ ಮಯೋಎಪಿಥೀಲಿಯಲ್ ಕೋಶಗಳ ಒಂದು ಸಾಲು, ಮಗು ಹಾಲು ಕುಡಿಯುವಾಗ ನಾಳವನ್ನು ಹಿಂಡಿ ಹಾಲು ಹೊರಗೆ ತಳ್ಳುವುದು ಇವೇ. ಅದಕ್ಕೂ ಹೊರಗೆ ತೆಳ್ಳನೆಯ ಒಂದು ಪೊರೆ. ಡಿಸಿಐಎಸ್‌ನಲ್ಲಿ ಒಳಗಿನ ಕೋಶಗಳು ನೋಡಲು ಥೇಟ್ ಕ್ಯಾನ್ಸರ್ ಕೋಶಗಳೇ. ಆದರೆ ಹೊರಗಿನ ಸಾಲು ಮತ್ತು ಪೊರೆ ಅವನ್ನು ನಾಳದೊಳಗೇ ಹಿಡಿದಿಟ್ಟಿರುತ್ತವೆ.

ಅನುಮಾನ ಬಂದಾಗ ನಾವು ಪಿ63 ಅಂತ ಒಂದು ಬಣ್ಣ ಹಾಕಿಸುತ್ತೇವೆ. ಹೊರಸಾಲಿನ ಕೋಶಗಳ ನಡುಭಾಗ ಮಾತ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ನಾಳದ ಸುತ್ತ ಕಂದು ಚುಕ್ಕೆಗಳ ಸರ ಇದ್ದರೆ ಉಸಿರು ಬಿಡುತ್ತೇನೆ. ಸರ ಇಲ್ಲದೆ ಕೋಶಗಳು ನೇರವಾಗಿ ನಾರಿನೊಳಗೆ ಕೂತಿದ್ದರೆ ರಿಪೋರ್ಟಿನಲ್ಲಿ 'ಇನ್ವೇಸಿವ್', ಅಂದರೆ ನಾಳ ದಾಟಿ ಹೊರಗೆ ನುಗ್ಗಿದೆ, ಅಂತ ಬರೆಯಬೇಕಾಗುತ್ತದೆ. ಎಷ್ಟೋ ಸಲ ಒಂದೇ ಸ್ಲೈಡಿನಲ್ಲಿ ಅಕ್ಕಪಕ್ಕ ಎರಡೂ ಇರುತ್ತವೆ.

ಮುಖ್ಯ ವಿಷಯ ಏನೆಂದರೆ, ಒಳಗಿರುವ ಕೋಶದ ಜೀನುಗಳಿಗೂ ಹೊರಗೆ ಬಂದ ಕೋಶದ ಜೀನುಗಳಿಗೂ ಬಹಳ ಮಟ್ಟಿಗೆ ಹೋಲಿಕೆ ಇರುತ್ತದೆ. ಹಾಗಾದರೆ ಹೊರಗೆ ಬರುವುದನ್ನು ತೀರ್ಮಾನಿಸುವುದು ಬರೀ ಆ ಕೋಶ ಅಲ್ಲ, ಕಾವಲಿಗೆ ನಿಂತವರು ಎಷ್ಟು ಗಟ್ಟಿ ಅನ್ನುವುದೂ ಅಲ್ವಾ? ಮಯೋಎಪಿಥೀಲಿಯಲ್ ಕೋಶಗಳು ಬರೀ ಗೋಡೆಯಲ್ಲ, ಒಳಗಿನ ಕೋಶಗಳನ್ನು ಹದ್ದಿನಲ್ಲಿಡುವ ಪ್ರೋಟೀನುಗಳನ್ನೂ ತಯಾರಿಸುತ್ತವೆ. ಕಾಲ ಕಳೆದಂತೆ ಅವು ಆ ಗುಣ ಕಳೆದುಕೊಂಡು ಕಡಿಮೆಯಾಗುತ್ತಾ ಹೋದರೆ ದಾರಿ ಬಿಟ್ಟಂತೆ.

ನಿಮ್ಮ ಮಟ್ಟಿಗೆ: ಯಾವ ಡಿಸಿಐಎಸ್ ಸುಮ್ಮನಿರುತ್ತದೆ, ಯಾವುದು ಮುಂದೆ ಹೋಗುತ್ತದೆ ಅಂತ ಖಡಾಖಂಡಿತ ಹೇಳುವ ಪರೀಕ್ಷೆ ಇವತ್ತು ಇಲ್ಲ. ಅದಕ್ಕೇ ಆಪರೇಷನ್, ತುಂಬಾ ಸಲ ಅದರ ಜೊತೆ ರೇಡಿಯೇಷನ್. ಹಾಗಂತ ನಾಳೆಯೇ ಓಡಬೇಕು ಅಂತಲ್ಲ. ಎರಡನೇ ಅಭಿಪ್ರಾಯ ಕೇಳುವಷ್ಟು ಸಮಯ ಖಂಡಿತ ಇರುತ್ತದೆ.

ಪ್ರಶ್ನೆ: ಬ್ರಾ ಬಿಗಿಯಾಗಿದ್ದರೆ, ಎದೆಗೆ ಪೆಟ್ಟು ಬಿದ್ದರೆ ಕ್ಯಾನ್ಸರ್ ಬರುತ್ತದಾ?

ಉತ್ತರ: ಇಲ್ಲ. ಪೆಟ್ಟು ಬಿದ್ದಾಗ ಮುಟ್ಟಿ ನೋಡಿಕೊಳ್ಳುತ್ತೀರಿ, ಮೊದಲೇ ಇದ್ದ ಗಂಟು ಆಗ ಕೈಗೆ ಸಿಗುತ್ತದೆ, ಅಷ್ಟೇ.

ಪ್ರಶ್ನೆ: ಅತ್ತೆಗೆ ಗಂಟು ಇದೆ, ಬಯಾಪ್ಸಿ ಬೇಡ ಅಂತ ಹಟ ಹಿಡಿದಿದ್ದಾರೆ. ಸೂಜಿ ಚುಚ್ಚಿದರೆ ಹರಡುತ್ತದೆಯಂತೆ. ನಾನು ಸಮಾಧಾನ ಹೇಳಲು ಹೋಗಿ ಓದಿದರೆ, ಕೋಳಿಗೆ ಗಾಯ ಮಾಡಿದ ಜಾಗದಲ್ಲಿ ಕ್ಯಾನ್ಸರ್ ಬಂತು ಅಂತ ಒಂದು ಪ್ರಯೋಗವೇ ಸಿಕ್ಕಿತು! ಈಗ ನನಗೂ ಹೆದರಿಕೆ.

ಉತ್ತರ: ಪ್ರಯೋಗ ನಿಜ, ಹೆದರಿಕೆ ಬೇಡ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಪ್ರಯೋಗ ಅದು.

ಪೇಟನ್ ರೌಸ್ ಅನ್ನುವವರು 1911ರಲ್ಲಿ ಕೋಳಿಗಳಲ್ಲಿ ಗಡ್ಡೆ ತರುವ ವೈರಸ್ಸಿನ ಬಗ್ಗೆ ಬರೆದರು. ನೊಬೆಲ್ ಬಂದದ್ದು 1966ರಲ್ಲಿ, 55 ವರ್ಷ ಕಾದರು ಪಾಪ. ಆ ವೈರಸ್ಸನ್ನು ಕೋಳಿಮರಿಯ ರೆಕ್ಕೆಗೆ ಚುಚ್ಚಿದರೆ ಅಲ್ಲಿ ಗಡ್ಡೆ ಏಳುತ್ತದೆ. ಮಿನಾ ಬಿಸೆಲ್ ಎಂಬ ವಿಜ್ಞಾನಿ ಕೇಳಿದ ಪ್ರಶ್ನೆ ಸರಳ: ವೈರಸ್ಸು ರಕ್ತದಲ್ಲಿ ಎಲ್ಲ ಕಡೆ ಓಡಾಡುತ್ತದೆ, ಹಾಗಿದ್ದರೆ ಗಡ್ಡೆ ಸೂಜಿ ಚುಚ್ಚಿದ ಜಾಗದಲ್ಲೇ ಯಾಕೆ? ಇನ್ನೊಂದು ರೆಕ್ಕೆಗೆ ಸುಮ್ನೆ ಒಂದು ಗಾಯ ಮಾಡಿ ನೋಡಿದರು. ಅಲ್ಲೂ ಗಡ್ಡೆ ಬಂತು! ಗಾಯ ಮಾಯುವಾಗ ಹೊರಡುವ ಸಂಕೇತಗಳೇ ವೈರಸ್ಸಿಗೆ ದಾರಿ ಮಾಡಿಕೊಡುತ್ತಿದ್ದವು. 1984ರಲ್ಲಿ ಅವರ ತಂಡ ಅದೇ ವೈರಸ್ಸನ್ನು ಮೊಟ್ಟೆಯೊಳಗಿನ ಎಳೇ ಭ್ರೂಣಕ್ಕೆ ಚುಚ್ಚಿತು. ಕ್ಯಾನ್ಸರ್ ತರುವ ಜೀನು ಕೋಶಗಳಲ್ಲಿ ಕೆಲಸ ಮಾಡುತ್ತಿದ್ದರೂ ಭ್ರೂಣಕ್ಕೆ ಗಡ್ಡೆ ಬರಲಿಲ್ಲ. ಅದೇ ಕೋಶಗಳನ್ನು ತೆಗೆದು ತಟ್ಟೆಯಲ್ಲಿ ಬೆಳೆಸಿದರೆ ಕ್ಯಾನ್ಸರ್ ಕೋಶಗಳ ಹಾಗೆ ಬೆಳೆದವು. ಭ್ರೂಣದೊಳಗೆ ಏನೋ ಅವನ್ನು ಅಂಕೆಯಲ್ಲಿ ಇಟ್ಟಿತ್ತು.

ಈಗ ಅತ್ತೆಯವರ ವಿಷಯ. ಆ ಕೋಳಿಗಳ ರಕ್ತದ ತುಂಬ ಕ್ಯಾನ್ಸರ್ ತರುವ ವೈರಸ್ ಇತ್ತು, ಅತ್ತೆಯವರಿಗೆ ಅದಿಲ್ಲ. ಸೂಜಿ ಬಯಾಪ್ಸಿ ಮಾಡಿದ ಜಾಗದಲ್ಲಿ ಕೆಲವೊಮ್ಮೆ ನಾಲ್ಕಾರು ಕೋಶ ಜರುಗಿರುವುದು ಮೈಕ್ರೋಸ್ಕೋಪಿನಲ್ಲಿ ಕಾಣುವುದುಂಟು, ಮುಚ್ಚಿಡುವುದು ಯಾಕೆ. ಅವುಗಳಲ್ಲಿ ಬಹುಪಾಲು ಅಲ್ಲೇ ಸಾಯುತ್ತವೆ. ಸೂಜಿ ಬಯಾಪ್ಸಿ ಮಾಡಿಸಿಕೊಂಡವರ ಆಯಸ್ಸು ಅದರಿಂದ ಕಡಿಮೆಯಾದದ್ದು ಕಂಡುಬಂದಿಲ್ಲ. ಬಯಾಪ್ಸಿ ಇಲ್ಲದಿದ್ದರೆ ಅದು ಕ್ಯಾನ್ಸರ್ ಹೌದೋ ಅಲ್ಲವೋ ಅಂತಲೇ ಗೊತ್ತಾಗುವುದಿಲ್ಲ. ಆಗಿದ್ದರೆ ಹಾರ್ಮೋನಿಗೆ ಬಗ್ಗುವಂಥದ್ದಾ, ಕೋಶವನ್ನು ಬೆಳೆಸುವ ಹರ್-2 ಅನ್ನುವ ಪ್ರೋಟೀನ್ ಜಾಸ್ತಿ ಇದೆಯಾ ಅನ್ನುವುದೂ ಗೊತ್ತಾಗುವುದಿಲ್ಲ, ಔಷಧಿ ಆರಿಸುವುದು ಹೇಗೆ? ಸೂಜಿಗೆ ಹೆದರಿ ಆರು ತಿಂಗಳು ಮನೆಯಲ್ಲಿ ಕೂತವರ ಗಡ್ಡೆಗಳನ್ನು ನಾನು ಕತ್ತರಿಸಿದ್ದೇನೆ. ದಯವಿಟ್ಟು ಕರೆದುಕೊಂಡು ಹೋಗಿ.

ಪ್ರಶ್ನೆ: ಮುಟ್ಟು ನಿಂತು ಎಂಟು ವರ್ಷ ಆಯಿತು. ಆಪರೇಷನ್ ಆದ ಮೇಲೆ 'ಈಸ್ಟ್ರೋಜನ್ ತಡೆಯಲು' ಅಂತ ಲೆಟ್ರೊಜೋಲ್ ಮಾತ್ರೆ ಕೊಟ್ಟಿದ್ದಾರೆ. ಅಂಡಾಶಯವೇ ಕೆಲಸ ನಿಲ್ಲಿಸಿದ ಮೇಲೆ ಯಾವ ಈಸ್ಟ್ರೋಜನ್ ಮೇಡಂ?

ಉತ್ತರ: ಕೊಬ್ಬಿನದು. ಅಂಡಾಶಯ ನಿಂತ ಮೇಲೂ ಮೂತ್ರಪಿಂಡದ ಮೇಲೆ ಕೂತಿರುವ ಅಡ್ರೀನಲ್ ಗ್ರಂಥಿ ಬೇರೆ ಹಾರ್ಮೋನುಗಳನ್ನು ಬಿಡುತ್ತಲೇ ಇರುತ್ತದೆ. ಕೊಬ್ಬಿನ ಅಂಗಾಂಶದಲ್ಲಿ ಅರೋಮಟೇಸ್ ಅಂತ ಒಂದು ಕಿಣ್ವ ಇದೆ, ಅದು ಅವನ್ನು ಈಸ್ಟ್ರೋಜನ್ ಆಗಿ ಬದಲಾಯಿಸುತ್ತದೆ. ಸ್ತನದಲ್ಲಿ ಕೊಬ್ಬು ಧಾರಾಳವಾಗಿ ಇರುತ್ತದೆ. ಅದರಿಂದಾಗಿ ಮುಟ್ಟು ನಿಂತವರ ರಕ್ತದಲ್ಲಿ ಈಸ್ಟ್ರೋಜನ್ ಕಡಿಮೆ ಇದ್ದರೂ ಸ್ತನದೊಳಗೆ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇರಬಹುದು. ಗಡ್ಡೆಯ ಸುತ್ತಲಿನ ಉರಿಯೂತದ ಸಂಕೇತಗಳು ಪಕ್ಕದ ಕೊಬ್ಬಿನ ಕೋಶಗಳಿಗೆ ಇನ್ನಷ್ಟು ಅರೋಮಟೇಸ್ ಮಾಡಲು ಹೇಳುತ್ತವೆ. ತನಗೆ ಬೇಕಾದ ಈಸ್ಟ್ರೋಜನ್ನನ್ನು ಪಕ್ಕದ ಮನೆಯಲ್ಲೇ ಮಾಡಿಸಿಕೊಂಡ ಹಾಗೆ! ಲೆಟ್ರೊಜೋಲ್, ಅನಾಸ್ಟ್ರೊಜೋಲ್, ಎಕ್ಸೆಮೆಸ್ಟೇನ್ ಮೂರೂ ಮುಚ್ಚುವುದು ಆ ಅರೋಮಟೇಸನ್ನು. ಸುತ್ತಲಿನ ಅಂಗಾಂಶದ ಸಂಕೇತ ಕಡಿಯುವ ಔಷಧಿ ಬೇಕು ಅಂತ ವಿಜ್ಞಾನಿಗಳು ಹುಡುಕುತ್ತಿದ್ದಾರಲ್ಲ, ಅಂಥದ್ದೊಂದು ನಿಮ್ಮ ಮನೆಯ ಮಾತ್ರೆ ಡಬ್ಬಿಯಲ್ಲೇ ಇದೆ.

ಈ ಮಾತ್ರೆಗಳಿಂದ ಕೀಲು ನೋವು ಬರುತ್ತದೆ, ಮೂಳೆ ಸವೆಯುತ್ತದೆ, ಇದು ಗೊತ್ತಿರುವ ತೊಂದರೆ. ಬಹಳ ಜನ ನೋವಿಗೆ ಬೇಸತ್ತು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಹಾಗೆ ಮಾಡಬೇಡಿ, ಡಾಕ್ಟರಿಗೆ ಹೇಳಿ, ಒಂದು ಹೊಂದದಿದ್ದರೆ ಇನ್ನೊಂದಕ್ಕೆ ಬದಲಾಯಿಸುತ್ತಾರೆ. ಮೂಳೆಯ ಸಾಂದ್ರತೆಯ ಸ್ಕ್ಯಾನ್ ಆಗಿದೆಯಾ ಅಂತಲೂ ಕೇಳಿ.

ಮುಟ್ಟು ನಿಂತ ಮೇಲೆ ತೂಕ ಜಾಸ್ತಿ ಇದ್ದವರಿಗೆ ಈ ಕ್ಯಾನ್ಸರಿನ ಅಪಾಯ ಹೆಚ್ಚು ಅನ್ನುವುದಕ್ಕೆ ಇದೂ ಒಂದು ಕಾರಣ. ದಪ್ಪಗಿರುವವರ ಸ್ತನದ ಕೊಬ್ಬಿನಲ್ಲಿ ಒಂದು ದೃಶ್ಯ ಆಗಾಗ ಕಣ್ಣಿಗೆ ಬೀಳುತ್ತದೆ: ಸತ್ತ ಒಂದು ಕೊಬ್ಬಿನ ಕೋಶ, ಅದರ ಸುತ್ತ ಮ್ಯಾಕ್ರೋಫೇಜುಗಳು ಉಂಗುರದ ಹಾಗೆ ಕೂತಿರುತ್ತವೆ. 'ಕಿರೀಟ' ಅಂತಲೇ ಅದಕ್ಕೆ ಹೆಸರು. ಅಂಥ ಕಿರೀಟಗಳಿರುವ ಕಡೆ ಅರೋಮಟೇಸ್ ಹೆಚ್ಚು. ಆದರೆ ತೂಕದ ಮಾತು ಬಂದಾಗ ಒಂದು ಮಾತು ಸೇರಿಸಲೇಬೇಕು, ಸಣಕಲು ಹೆಂಗಸರಿಗೂ ಈ ಕ್ಯಾನ್ಸರ್ ಬರುತ್ತದೆ, ದಿನಾ ಬರುವುದನ್ನು ನೋಡುತ್ತೇನೆ. 'ನಾನೇ ತಂದುಕೊಂಡೆ' ಅಂತ ಕೊರಗುವುದು ಬೇಡ.

ಪ್ರಶ್ನೆ: ಮ್ಯಾಮೊಗ್ರಾಮಿನಲ್ಲಿ 'ಡೆನ್ಸ್ ಬ್ರೆಸ್ಟ್' ಅಂತ ಬಂದಿದೆ. ಇದೂ ಅದೇ ಗಟ್ಟಿ ನಾರಿನ ವಿಷಯವಾ?

ಉತ್ತರ: ಹತ್ತಿರದ ಸಂಬಂಧ. ಕೈಗೆ ಗಟ್ಟಿಯಾಗಿ ಸಿಗುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಸ್ತನದಲ್ಲಿ ಕೊಬ್ಬು ಕಡಿಮೆ, ನಾರು ಮತ್ತು ಗ್ರಂಥಿ ಜಾಸ್ತಿ ಅಂತ ಅರ್ಥ. ತುಂಬಾ ಜನ ಹೆಂಗಸರಿಗೆ ಹಾಗೆ ಇರುತ್ತದೆ, ಅದು ಕಾಯಿಲೆ ಅಲ್ಲ. ಅತಿ ಹೆಚ್ಚು ಡೆನ್ಸ್ ಇರುವವರನ್ನು ಪೂರ್ತಿ ಕೊಬ್ಬಿನ ಸ್ತನ ಇರುವವರಿಗೆ ಹೋಲಿಸಿದರೆ ಅಪಾಯ 4 ಪಟ್ಟು ಅಥವಾ ಇನ್ನೂ ಜಾಸ್ತಿ ಅಂತ ಲೆಕ್ಕ ಇದೆ. ಎರಡು ತುದಿಗಳ ಹೋಲಿಕೆ ಅದು, ಸಾಮಾನ್ಯ ಹೆಂಗಸಿಗೆ ಹೋಲಿಸಿದರೆ ಅಷ್ಟಿಲ್ಲ. ಇನ್ನೊಂದು ತಾಪತ್ರಯ, ಫಿಲ್ಮಿನಲ್ಲಿ ನಾರೂ ಬೆಳ್ಳಗೆ, ಗಂಟೂ ಬೆಳ್ಳಗೆ, ಹಾಗಾಗಿ ಗಂಟು ಮರೆಯಾಗಬಹುದು. ಅಲ್ಟ್ರಾಸೌಂಡ್ ಬೇಕಾ ಅಂತ ಕೇಳಿ.

ಪ್ರಶ್ನೆ: ಅಮ್ಮನಿಗೆ ಸ್ತನ ಕ್ಯಾನ್ಸರ್ ಆಗಿ ಒಂಬತ್ತು ವರ್ಷ ಚೆನ್ನಾಗಿದ್ದರು. ಈಗ ಬೆನ್ನುಮೂಳೆಗೆ ಬಂದಿದೆ ಅನ್ನುತ್ತಿದ್ದಾರೆ. ಇದು ಮೂಳೆ ಕ್ಯಾನ್ಸರಾ? ಇಷ್ಟು ವರ್ಷ ಎಲ್ಲಿತ್ತು? ಮೂಳೆಗೇ ಯಾಕೆ?

ಉತ್ತರ: ಓದಿ ಬೇಜಾರಾಯಿತು. ಒಂದೊಂದಾಗಿ ಹೇಳುತ್ತೇನೆ.

ಮೂಳೆ ಕ್ಯಾನ್ಸರ್ ಅಲ್ಲ, ಮೂಳೆಯಲ್ಲಿ ಮನೆ ಮಾಡಿದ ಸ್ತನ ಕ್ಯಾನ್ಸರ್. ಔಷಧಿಯೂ ಸ್ತನ ಕ್ಯಾನ್ಸರಿನದೇ.

'ಮೂಳೆಗೇ ಯಾಕೆ' ಅನ್ನುವುದನ್ನು 1889ರಲ್ಲಿ ಸ್ಟೀಫನ್ ಪ್ಯಾಜೆಟ್ ಎಂಬ ಇಂಗ್ಲೆಂಡಿನ ಸರ್ಜನ್ ಕೇಳಿದ್ದರು. ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಹೆಂಗಸರ ದಾಖಲೆಗಳನ್ನು ಕೂತು ನೋಡಿದರು. 241 ಜನರ ಯಕೃತ್ತಿಗೆ ಹರಡಿತ್ತು, ಗುಲ್ಮಕ್ಕೆ ಹರಡಿದ್ದು ಬರೀ 17 ಜನರಿಗೆ. ರಕ್ತ ಎರಡಕ್ಕೂ ಹೋಗುತ್ತದೆ, ಹಾಗಾಗಿ ಇದು ಆಕಸ್ಮಿಕ ಅಲ್ಲ ಅಂದರು. ಗಿಡದ ಬೀಜ ಎಲ್ಲ ಕಡೆ ಹಾರುತ್ತದೆ, ಹೊಂದುವ ನೆಲದಲ್ಲಿ ಬಿದ್ದರೆ ಮಾತ್ರ ಮೊಳೆಯುತ್ತದೆ ಅನ್ನುವ ಹೋಲಿಕೆ ಅವರದು. ಎಲ್ಲರೂ ಬೀಜದ ಮೇಲೆ ಕಣ್ಣಿಟ್ಟಿದ್ದಾರೆ, ನೆಲ ನೋಡುವವರೂ ಬೇಕು ಅನ್ನುವುದು ಅವರ ವಾದ. ಅದಾಗಿ ಎಷ್ಟೋ ದಶಕ ಯಾರೂ ಅಷ್ಟಾಗಿ ನೆಲ ನೋಡಲಿಲ್ಲ.

ಮೂಳೆ ಯಾಕೆ ಹೊಂದುವ ನೆಲ ಅಂದರೆ, ಅದು ಕಲ್ಲಿನ ಹಾಗೆ ಸುಮ್ಮನಿರುವ ವಸ್ತು ಅಲ್ಲ. ಹಳೇ ಮೂಳೆ ಕರಗಿಸುವ ಕೋಶ, ಹೊಸ ಮೂಳೆ ಕಟ್ಟುವ ಕೋಶ, ಎರಡೂ ಸದಾ ಕೆಲಸದಲ್ಲಿ ಇರುತ್ತವೆ. ಮೂಳೆಯೊಳಗೆ ಬೆಳವಣಿಗೆಯ ಸಂಕೇತಗಳು, ಮೊದಲು ಹೇಳಿದ ಟಿಜಿಎಫ್-ಬೀಟಾ ಸೇರಿ, ಹುದುಗಿರುತ್ತವೆ. ಅಲ್ಲಿಗೆ ಹೋದ ಕ್ಯಾನ್ಸರ್ ಕೋಶ ಒಂದು ಪ್ರೋಟೀನ್ ಬಿಡುತ್ತದೆ. ಅದು ಕಟ್ಟುವ ಕೋಶಗಳಿಂದ ರ‍್ಯಾಂಕ್-ಎಲ್ ಅನ್ನುವ ಸಂಕೇತ ಹೊರಡಿಸುತ್ತದೆ, ಕರಗಿಸುವ ಕೋಶಗಳು ಜಾಸ್ತಿಯಾಗುತ್ತವೆ, ಮೂಳೆ ಕರಗಿದಂತೆ ಒಳಗೆ ಹುದುಗಿದ್ದ ಟಿಜಿಎಫ್-ಬೀಟಾ ಹೊರಬೀಳುತ್ತದೆ, ಅದನ್ನು ಉಂಡು ಕ್ಯಾನ್ಸರ್ ಕೋಶ ಇನ್ನಷ್ಟು ಪ್ರೋಟೀನ್ ಬಿಡುತ್ತದೆ. ಸುತ್ತಿ ಸುತ್ತಿ ಅದೇ. ಡೆನೊಸುಮ್ಯಾಬ್ ಚುಚ್ಚುಮದ್ದು ಹಿಡಿಯುವುದು ಆ ರ‍್ಯಾಂಕ್-ಎಲ್ ಅನ್ನು. ಜೊಲೆಡ್ರೊನಿಕ್ ಆಸಿಡ್ ಕರಗಿಸುವ ಕೋಶಗಳನ್ನೇ ಕಟ್ಟಿಹಾಕುತ್ತದೆ. ಎರಡರಿಂದಲೂ ಮೂಳೆ ಮುರಿಯುವುದು ಕಡಿಮೆಯಾಗುತ್ತದೆ. ಇವನ್ನು ಶುರು ಮಾಡುವ ಮೊದಲು ಅಮ್ಮನ ಹಲ್ಲು ತೋರಿಸಿ, ಕೀಳಿಸುವುದಿದ್ದರೆ ಮೊದಲೇ ಕೀಳಿಸಿ, ಈ ಔಷಧಿಗಳಿಂದ ಅಪರೂಪಕ್ಕೆ ದವಡೆ ಮೂಳೆ ಹಾಳಾಗುವುದುಂಟು.

ಒಂಬತ್ತು ವರ್ಷ ಎಲ್ಲಿತ್ತು? ಬಹುಶಃ ಅಲ್ಲೇ ಮಲಗಿತ್ತು. ಹಾರ್ಮೋನಿಗೆ ಬಗ್ಗುವ ಸ್ತನ ಕ್ಯಾನ್ಸರ್ 20 ವರ್ಷದ ಮೇಲೂ ಮರಳಿ ಬಂದದ್ದಿದೆ. ಒಂಟಿ ಕೋಶಗಳು ಮೂಳೆ ಮಜ್ಜೆಯಲ್ಲಿ ಬೆಳೆಯದೆ ಸಾಯದೆ ಉಳಿದುಬಿಡುತ್ತವೆ. ಸುತ್ತಲಿನವರು ಮಲಗಿಸಿದಷ್ಟು ಕಾಲ ಮಲಗಿರುತ್ತವೆ. ಅಮ್ಮ ಮಾಡಿದ ಯಾವ ತಪ್ಪಿನಿಂದಲೂ ಅದು ಎದ್ದದ್ದಲ್ಲ.

ಪ್ರಶ್ನೆ: ಇಮ್ಯೂನಿಟಿ ಹೆಚ್ಚಿಸುವ ಪುಡಿ ತಗೊಂಡರೆ ಗಡ್ಡೆಯ ಸುತ್ತಲಿನ ಬಿಳಿ ರಕ್ತಕಣ ಬಲ ಆಗುತ್ತವಾ?

ಉತ್ತರ: ಮೇಲೆ ಮ್ಯಾಕ್ರೋಫೇಜ್ ಕಥೆ ಓದಿದಿರಲ್ಲ, ಅದೂ ಇಮ್ಯೂನಿಟಿಯ ಸೈನಿಕನೇ! ಯಾವುದನ್ನು ಬಲ ಮಾಡುತ್ತೀರಿ? ಟಿ ಕೋಶಗಳು ಅನ್ನುವ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಗಡ್ಡೆಯನ್ನು ಕೊಲ್ಲಬಲ್ಲವು, ಟ್ರಿಪಲ್ ನೆಗೆಟಿವ್ ಬಗೆಯಲ್ಲಿ (ಹಾರ್ಮೋನಿಗೂ ಬಗ್ಗದ, ಹರ್-2 ಕೂಡ ಇಲ್ಲದ ಕ್ಯಾನ್ಸರ್) ಅವು ತುಂಬಿಕೊಂಡಿದ್ದರೆ ಫಲಿತಾಂಶ ಉತ್ತಮ. ಆದರೆ ಗಡ್ಡೆ ಅವಕ್ಕೆ ಬ್ರೇಕ್ ಹಾಕಿರುತ್ತದೆ. ಪೆಂಬ್ರೊಲಿಜುಮ್ಯಾಬ್ ಅನ್ನುವ ಔಷಧಿ ಆ ಬ್ರೇಕ್ ಬಿಡಿಸುತ್ತದೆ. ಅಮೆರಿಕದಲ್ಲಿ 2021ರಲ್ಲಿ, ಮರಳಿ ಬರುವ ಭಯ ಜಾಸ್ತಿ ಇರುವ ಆರಂಭದ ಹಂತದ ಟ್ರಿಪಲ್ ನೆಗೆಟಿವ್ ಗಡ್ಡೆಗೆ ಕೀಮೋ ಜೊತೆ ಕೊಡಲು ಒಪ್ಪಿಗೆ ಸಿಕ್ಕಿತು. ಪುಡಿಯಿಂದ ಆ ಕೆಲಸ ಆಗುವುದಿಲ್ಲ. ಕೀಮೋ ನಡೆಯುತ್ತಿದ್ದರೆ ಅದನ್ನು ಡಾಕ್ಟರಿಗೆ ತೋರಿಸದೆ ತಗೊಳ್ಳಲೇಬೇಡಿ.

ಪ್ರಶ್ನೆ: ನಾನು ಬಯೋಟೆಕ್ ವಿದ್ಯಾರ್ಥಿನಿ. ಕ್ಯಾನ್ಸರ್ ಕೋಶವನ್ನು ಕೊಲ್ಲದೆ ಸುತ್ತಲಿನ ಸಂಕೇತ ಬದಲಾಯಿಸಿ ಮಾಮೂಲಿ ಕೋಶದ ಹಾಗೆ ಮಾಡಬಹುದು ಅಂತ ಕ್ಲಾಸಿನಲ್ಲಿ ಹೇಳಿದರು. ಹಾಗಿದ್ದರೆ ರೋಗಿಗಳಿಗೆ ಯಾಕೆ ಮಾಡುತ್ತಿಲ್ಲ?

ಉತ್ತರ: ನಿಮ್ಮ ಮೇಷ್ಟ್ರು ಹೇಳಿದ್ದು ಬಹುಶಃ 1997ರ ಪ್ರಯೋಗ, ಅದೂ ಬಿಸೆಲ್ ಅವರ ಲ್ಯಾಬಿನದೇ. ಸ್ತನದ ಕೋಶಗಳನ್ನು ಚಪ್ಪಟೆ ತಟ್ಟೆಯಲ್ಲಿ ಬೆಳೆಸಿದರೆ ಮಾಮೂಲಿ ಯಾವುದು ಕ್ಯಾನ್ಸರ್ ಯಾವುದು ಅಂತ ಬೇರೆ ಮಾಡುವುದು ಕಷ್ಟ. ಇಲಿಯ ಗಡ್ಡೆಯಿಂದ ತೆಗೆದ, ನಾಳದ ಹೊರಪೊರೆಯನ್ನು ಹೋಲುವ ಒಂದು ಜೆಲ್ ಇದೆ. ಅದರೊಳಗೆ ಹೂತು ಬೆಳೆಸಿದರೆ ಮಾಮೂಲಿ ಕೋಶಗಳು ಕೆಲವು ದಿನ ಬೆಳೆದು, ಅಚ್ಚುಕಟ್ಟಾಗಿ ಗುಂಡಗೆ ಜೋಡಿಸಿಕೊಂಡು, ನಿಲ್ಲುತ್ತವೆ. ಕ್ಯಾನ್ಸರ್ ಕೋಶಗಳು ಅಡ್ಡಾದಿಡ್ಡಿ ಗುಡ್ಡೆ ಬೀಳುತ್ತವೆ. ಕೋಶವು ಹೊರಗಿನ ಪೊರೆಯನ್ನು ಹಿಡಿದುಕೊಳ್ಳುವ ಕೈ ಅಂದರೆ ಇಂಟಿಗ್ರಿನ್. ಸುತ್ತ ಏನಿದೆ, ಎಷ್ಟು ಗಟ್ಟಿ ಇದೆ ಅಂತ ಕೋಶಕ್ಕೆ ತಿಳಿಯುವುದು ಈ ಕೈಯಿಂದಲೇ. ಕ್ಯಾನ್ಸರ್ ಕೋಶಗಳಲ್ಲಿ ಬೀಟಾ-1 ಬಗೆಯ ಇಂಟಿಗ್ರಿನ್ ಜಾಸ್ತಿ ಇತ್ತು. ಅದನ್ನು ತಡೆಯುವ ಒಂದು ಪ್ರತಿಕಾಯ ಹಾಕಿದಾಗ ಅವೂ ಗುಂಡಗೆ ಜೋಡಿಸಿಕೊಂಡು ಬೆಳೆಯುವುದನ್ನು ನಿಲ್ಲಿಸಿದವು! ಜೀನುಗಳ ಹಾಳು ಹಾಗೇ ಇತ್ತು, ನಡವಳಿಕೆ ಮಾತ್ರ ಬದಲಾಯಿತು.

ರೋಗಿಗಳಿಗೆ ಯಾಕಿಲ್ಲ ಅಂದರೆ, ಬೀಟಾ-1 ಇಂಟಿಗ್ರಿನ್ ಮೈಯ ಬಹುತೇಕ ಎಲ್ಲ ಕೋಶಗಳಿಗೂ ಬೇಕು. ಜೆಲ್ಲಿನಲ್ಲಿ ಬರೀ ಒಂದು ಬಗೆಯ ಕೋಶ ಇತ್ತು, ಮೈಯಲ್ಲಿ ಸಂಕೇತ ಕೊಡುವವರು ಹತ್ತಾರು ಜನ. ಒಂದು ದಾರಿ ಮುಚ್ಚಿದರೆ ಇನ್ನೊಂದು ತೆರೆಯುತ್ತದೆ. ಗಡ್ಡೆಗೆ ರಕ್ತನಾಳ ಬರದ ಹಾಗೆ ಮಾಡುವ ಬೆವಾಸಿಜುಮ್ಯಾಬ್ ಔಷಧಿಗೆ ಅಮೆರಿಕದಲ್ಲಿ 2008ರಲ್ಲಿ ಸ್ತನ ಕ್ಯಾನ್ಸರಿಗೆ ಒಪ್ಪಿಗೆ ಕೊಟ್ಟು, ಆಯಸ್ಸು ಹೆಚ್ಚಾಗದ್ದು ನೋಡಿ 2011ರಲ್ಲಿ ಹಿಂದಕ್ಕೆ ತಗೊಂಡರು.

ಇನ್ನೊಂದು ವಿಷಯ ನಿಮ್ಮ ಮೇಷ್ಟ್ರು ಹೇಳಿದರೋ ಇಲ್ಲವೋ. ಆ ಗುಂಡಗಾಗಿದ್ದ ಕೋಶಗಳನ್ನು ಬಿಡಿಸಿ, ಪ್ರತಿಕಾಯ ಇಲ್ಲದ ಜೆಲ್ಲಿಗೆ ಹಾಕಿ ಬೆಳೆಸಿ ನೋಡಿದರು. ಮತ್ತೆ ಅಡ್ಡಾದಿಡ್ಡಿ ಗುಡ್ಡೆ ಬಿದ್ದವು.